ಉಂಡು ಮಲಗಿದ ಕೌದಿ

ವಾಡಿ

ವಿದೇಶಕ್ಕೆ ಹೋಗಿ ಬಂದೆ ಎಂದು ಸೇಡಂನಲ್ಲಿ ನಾನು ಹೇಳಿಕೊಂಡು ತಿರುಗಿದ್ದುಂಟು. ಹಾಗೆ ಹೇಳುವಾಗ ಒಂದು ಮಾತನ್ನು ಮಾತ್ರ ನುಂಗಿಬಿಡುತ್ತಿದ್ದೆ. ಹಾಲೆಂಡಿನವರು ಕರೆದದ್ದು ನನ್ನನ್ನಲ್ಲ, ಹಳೆಯ ಬಟ್ಟೆ ಸೇರಿಸಿ ಹೊಲಿದ ಒಂದು ಕೌದಿಯನ್ನು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುತ್ತಾರಲ್ಲ, ಹಾಗೆ. ಕೌದಿಯ ಹಿಂದೆ ಅದನ್ನು ಹೊಲಿದ ಐನಾಪುರದ ಸಿದ್ದಮ್ಮ ಹೋದಳು, ಸಿದ್ದಮ್ಮನ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಾನು ಹೋದೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮಳಖೇಡದ ಕೋಟೆ ನೋಡಲು ಬಂದಿದ್ದ ಮರಾಯ್ಕೆ ಎಂಬ ಡಚ್ ಹೆಂಗಸಿಗೆ ಏಪ್ರಿಲ್ ಬಿಸಿಲಿನಲ್ಲಿ ತಲೆ ತಿರುಗಿತು. ಇಂಗ್ಲಿಷ್ ಬರುವ ಮಾಸ್ತರ ಅಂತ ಯಾರೋ ಅವಳನ್ನು ತಂದು ನಮ್ಮ ಮನೆಯಲ್ಲಿ ಬಿಟ್ಟರು. ಮಜ್ಜಿಗೆ ಕುಡಿದು ಹೊರಸಿನ ಮೇಲೆ ಒಂದು ತಾಸು ಮಲಗಿದಳು. ಎದ್ದ ಮೇಲೆ ಕೋಟೆಯ ಸುದ್ದಿಯನ್ನೇ ಎತ್ತಲಿಲ್ಲ. ತಾನು ಮಲಗಿದ್ದ ಕೌದಿಯನ್ನು ತಿರುವಿ ತಿರುವಿ ನೋಡಿ, ಇದನ್ನು ಯಾರು ಹೊಲಿದದ್ದು ಎಂದು ಕೇಳಿದಳು.

ಅವಳು ತನ್ನ ದೇಶದ ಸಣ್ಣ ಊರೊಂದರ ಮ್ಯೂಸಿಯಂನಲ್ಲಿ ಕ್ಯುರೇಟರ್. ಯಾವುದನ್ನು ತೋರಿಸಬೇಕು, ಎಲ್ಲಿಡಬೇಕು, ಅದರ ಮೇಲೆ ಎಷ್ಟು ಬೆಳಕು ಬೀಳಬೇಕು, ಪಕ್ಕದ ಚೀಟಿಯಲ್ಲಿ ಏನು ಬರೆಯಬೇಕು, ಇದೆಲ್ಲ ಅವಳ ಕೆಲಸ. ಅದನ್ನು ಕೇಳಿ ನನಗೆ ಅಪ್ಪ ನೆನಪಾದರು. ಅಪ್ಪ ವೆಂಕಟರಮಣನ ಗುಡಿಯ ಅರ್ಚಕರು. ಪರದೆ ಯಾವಾಗ ಸರಿಸಬೇಕು, ಆರತಿಯನ್ನು ಪಾದದ ಹತ್ತಿರ ಎಷ್ಟು ಹೊತ್ತು ಹಿಡಿದು ಮುಖಕ್ಕೆ ಎತ್ತಬೇಕು ಎಂಬುದಕ್ಕೆಲ್ಲ ಅವರದೊಂದು ಕ್ರಮವಿತ್ತು. ಭಕ್ತರೊಬ್ಬರು ಗರ್ಭಗುಡಿಗೆ ಟ್ಯೂಬ್‌ಲೈಟ್ ಹಾಕಿಸಿದರೆ, ದೇವರು ನಿದ್ದೆಗೆಟ್ಟವನ ಹಾಗೆ ಕಾಣುತ್ತಾನೆ ಎಂದು ಒಂದೇ ವಾರಕ್ಕೆ ತೆಗೆಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಜನ ಆಡಿಕೊಂಡರು. ಆದರೆ ಕಣ್ಣಿಗೆ ಎಣ್ಣೆದೀಪ ಒಗ್ಗುವವರೆಗೆ ಬಾಗಿಲಲ್ಲಿ ನಿಂತವರಿಗೆ ಸಿಗುತ್ತಿದ್ದ ದರ್ಶನ ಟ್ಯೂಬ್‌ಲೈಟಿನಲ್ಲಿ ಸಿಗುತ್ತಿರಲಿಲ್ಲ ಎಂಬುದೂ ಖರೆ.

ಮರಾಯ್ಕೆಯನ್ನು ಚಿಂಚೋಳಿ ಬಸ್ಸಿನಲ್ಲಿ ಐನಾಪುರಕ್ಕೆ ಕರೆದೊಯ್ದೆ. ಸಿದ್ದಮ್ಮ ಮತ್ತು ಅವಳ ತಾಯಿ ಎರಡು ತಲೆಮಾರು ನಮ್ಮ ಮನೆಗೆ ಕೌದಿ ಹೊಲಿದುಕೊಟ್ಟವರು. ತೊಗರಿ ರಾಶಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯಲ್ಲಿ ಅವರ ಹೊಲಿಗೆ. ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಹಾಸಿದ್ದ ಹೊಸ ಕೌದಿ. ಕೆಂಪು, ಹಸಿರು, ಅರಿಶಿನದ ತುಂಡುಗಳು, ಅವುಗಳ ಮೇಲೆ ಅಂಚಿನಿಂದ ನಡುವಿನವರೆಗೆ ಸುತ್ತಿ ಸುತ್ತಿ ಬಂದ ಬಿಳಿ ನೂಲು. ಚಿತ್ತಾಪುರಕ್ಕೆ ಕೊಟ್ಟ ಮಗಳು ಸುಜಾತಾ ಚೊಚ್ಚಲ ಬಸುರಿ. ದೀಪಾವಳಿಯ ಹೊತ್ತಿಗೆ ಹುಟ್ಟುವ ಕೂಸನ್ನು ಮೊದಲು ಮಲಗಿಸಲಿಕ್ಕೆಂದು ಹೊಲಿದದ್ದು ಅದು. ಮರಾಯ್ಕೆಗೆ ಅದೇ ಬೇಕಾಯಿತು. ನಾನು ಅರ್ಧ ದಿನ ಕೂತು ಸಿದ್ದಮ್ಮನನ್ನು ಒಪ್ಪಿಸಿದೆ.

"ಹ್ಯಾಂಗ ಒಯ್ಲಿಕತ್ತೀರಿ ಹಂಗೇ ತಂದು ಕೊಡ್ಬೇಕು ಮಾಸ್ತರ್," ಅಂದಳು. "ಒಂದ್ ಟಾಕಿ ಸೈತ ಬಿಚ್ಚಿರಬಾರ್ದು. ಬಿಚ್ಚಿ ಹೊಲದ ಕೌದಿ ಮ್ಯಾಲ ನಾವು ಹಸಿಗೂಸು ಹಾಕಲ್ರಿ."

"ಒಂದು ಹೊಲಿಗಿ ಟಾಕಿನೂ ಬಿಚ್ಚಂಗಿಲ್ಲ. ನನ್ನ ಮಾತು ಇದು," ಅಂದೆ.

ಮ್ಯೂಸಿಯಂನಿಂದ ಬಂದ ಫಾರಂ ತುಂಬಿದವನೂ ನಾನೇ. 'ತಯಾರಿಸಿದವರು' ಎಂಬ ಕಡೆ 'ಹಳ್ಳಿಯ ಹೆಂಗಸರ ಸಾಂಪ್ರದಾಯಿಕ ಕಲೆ' ಎಂದು ಇಂಗ್ಲಿಷಿನಲ್ಲಿ, ಬೋರ್ಡಿನ ಮೇಲೆ ಬರೆಯುವ ನನ್ನ ಚಂದದ ಅಕ್ಷರದಲ್ಲಿ ಬರೆದೆ. ಆಗ ಅದು ಒಬ್ಬರ ಹೆಸರಿಗಿಂತ ಘನವಾಗಿ ಕಂಡಿತ್ತು.

ಕೌದಿ ಜೂನ್‌ನಲ್ಲಿ ಪಾರ್ಸಲ್ ಆಗಿ ಮುಂದೆ ಹೋಯಿತು. ಜುಲೈನಲ್ಲಿ ನಾವು ವಾಡಿಯಿಂದ ಮುಂಬೈ ರೈಲು ಹತ್ತಿದೆವು. ಸಿದ್ದಮ್ಮನ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಪುಡಿಯ ಖಾರದ ಹಿಂಡಿ, ಸೂಜಿ, ನೂಲಿನ ಉಂಡೆ. ನನ್ನ ಚೀಲದಲ್ಲಿ ಹೆಂಡತಿ ಹಚ್ಚಿಕೊಟ್ಟ ಅವಲಕ್ಕಿ, ಬೇರೆ ಡಬ್ಬಿಯಲ್ಲಿ ಚಕ್ಕುಲಿ. ಇಬ್ಬರೂ ಎದುರುಬದುರು ಕೂತು ಅವರವರ ಗಂಟು ಬಿಚ್ಚಿ ಅವರವರದು ತಿಂದೆವು. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇಲ್ಲವಾದ್ದರಿಂದ ನಾನೂ ಅದರ ಬಗ್ಗೆ ಯೋಚಿಸಲಿಲ್ಲ.

ಶಿಫೋಲ್

ಶಿಫೋಲ್ ವಿಮಾನ ನಿಲ್ದಾಣದಲ್ಲಿ ನನ್ನ ಅವಲಕ್ಕಿಯನ್ನು ಯಾರೂ ಮೂಸಿಯೂ ನೋಡಲಿಲ್ಲ. ಸಿದ್ದಮ್ಮನ ಗಂಟಿನ ಮುಂದೆ ಮಾತ್ರ ಒಂದು ನಾಯಿ ಬಂದು ಕೂತುಬಿಟ್ಟಿತು. ಅಧಿಕಾರಿ ಒಂದು ಖಡಕ್ ರೊಟ್ಟಿ ಎತ್ತಿ, ಬೆರಳ ಗಂಟಿನಿಂದ ಟಕಟಕ ಬಡಿದು ನೋಡಿದ. ಶಹಾಬಾದಿನಲ್ಲಿ ಫರಸಿ ಕೊಳ್ಳುವವರು ಕಲ್ಲನ್ನು ಹಾಗೇ ಬಡಿದು ನೋಡುತ್ತಾರೆ. ಇದು ಏನು ಅಂದ. ಬ್ರೆಡ್ ಅಂದೆ. ಅವನು ನಂಬಲಿಲ್ಲ. ಸಿದ್ದಮ್ಮ ಒಂದು ಮೂಲೆ ಮುರಿದು, ಹಿಂಡಿ ಹಚ್ಚಿ ಅವನ ಕೈಯಲ್ಲಿಟ್ಟಳು. ತಿಂದ. ಕಣ್ಣಲ್ಲಿ ನೀರು ಬಂತು. ಹೋಗಿ ಎಂದು ಕೈಮಾಡಿದ.

"ಖಾರ ಹತ್ತಿತು ಪಾಪ. ಛಲೋ ಮನಷ ಅದಾನ," ಅಂದಳು ಸಿದ್ದಮ್ಮ.

ಅಲ್ಲಿಂದ ರೈಲಿನಲ್ಲಿ ಎರಡು ತಾಸು. ಆ ಊರಿನ ಹೆಸರು ಗಂಟಲಿನ ಹಿಂದಿನಿಂದ ಬರಬೇಕು, ನನಗೆ ಇವತ್ತಿಗೂ ಬರುವುದಿಲ್ಲ. ಊರ ಮಗ್ಗುಲಲ್ಲಿ ನಮ್ಮ ಕಾಗಿಣಾಕ್ಕಿಂತ ಅಗಲದ ಹೊಳೆ, ಜುಲೈನಲ್ಲೂ ದಂಡೆಗೆ ಮುಟ್ಟಿ ಸದ್ದಿಲ್ಲದೆ ಹರಿಯುವಂಥದ್ದು. ಜನರೂ ಹಾಗೆಯೇ, ಸದ್ದಿಲ್ಲದೆ ಸೈಕಲ್ಲಿನ ಮೇಲೆ ಹೋಗುತ್ತಾರೆ. ನಮ್ಮನ್ನು ಬೆರಗುಗೊಳಿಸಿದ್ದು ಅವರ ಕಿಟಕಿಗಳು. ಬೀದಿಗೆ ಮುಖ ಮಾಡಿದ ದೊಡ್ಡ ದೊಡ್ಡ ಗಾಜು, ಒಂದಕ್ಕೂ ಪರದೆ ಇಲ್ಲ. ಒಳಗೆ ಕೂತು ಪೇಪರ್ ಓದುವವರು, ಚಹಾ ಕುಡಿಯುವವರು ಎಲ್ಲ ಕಾಣುತ್ತಾರೆ. ಕಿಟಕಿಯ ಕಟ್ಟೆಯ ಮೇಲೆ ಒಂದೇ ಥರದ ಎರಡು ಹೂಕುಂಡ, ನಡುವೆ ಒಂದು ಬೊಂಬೆ, ಬೊಂಬೆಯ ಮುಖ ಬೀದಿಯ ಕಡೆಗೆ.

"ಪರದಾ ತಗದಿಟ್ಟಾರಲ್ರಿ, ಯಾರಿಗ್ ತೋರಿಸ್ಲಿಕ್ಕ?" ಅಂದಳು ಸಿದ್ದಮ್ಮ.

ಮರಾಯ್ಕೆಯನ್ನು ಕೇಳಿದೆ. ಅವಳು ನಕ್ಕು, ಮುಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲ ಎಂದು ತೋರಿಸಲಿಕ್ಕೆ ಅಂದಳು. ಆದರೆ ದಾರಿಹೋಕರು ಯಾರೂ ಒಳಗೆ ನೋಡುವುದಿಲ್ಲವಂತೆ, ಅದು ಅಸಭ್ಯತನ. ನಾವಿಬ್ಬರೇ ಮೂರು ದಿನ ಎಲ್ಲರ ಮನೆಯನ್ನೂ ಹೊಟ್ಟೆ ತುಂಬ ನೋಡಿದೆವು.

ಕಪ್ಪು ಗೋಡೆ

ಪ್ರದರ್ಶನದ ಹಿಂದಿನ ದಿನ ಮರಾಯ್ಕೆ ನಮ್ಮನ್ನು ಒಳಗೆ ಕರೆದಳು. ಬೇರೆ ಬೇರೆ ದೇಶಗಳ ಹಾಸಿಗೆ ಹೊದಿಕೆಗಳ ಪ್ರದರ್ಶನ ಅದು. ಕೆಲವಕ್ಕೆ ಇನ್ನೂರು ವರ್ಷ. ಸಿದ್ದಮ್ಮ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಕಾವಲಿನವನು ಅವನ್ನು ಎತ್ತಿ ಅವಳ ಹಿಂದೆಯೇ ಹಿಡಿದುಕೊಂಡು ಬಂದ, ಮರೆತಿದ್ದಾಳೆ ಎಂದುಕೊಂಡು.

ಹಾಲ್ ಪೂರ್ತಿ ಕತ್ತಲು. ಗೋಡೆಗಳಿಗೆ ಕಪ್ಪು ಬಣ್ಣ. ಒಂದೊಂದು ಬಟ್ಟೆಯ ಮೇಲೆ ಮಾತ್ರ ಬೆಳಕು. ಆಹ್ವಾನಿತರು ಹತ್ತಿಪ್ಪತ್ತು ಜನ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆ ತಪಾಸಣೆಗೆ ಬಂದ ಸಾಹೇಬರ ಹಾಗೆ ನಡೆಯುತ್ತಿದ್ದರು. ಕೊನೆಯ ಗೋಡೆಯ ಪೂರ್ತಿ ಒಂದೇ ಒಂದು ಕೌದಿ. ನೆಲದಿಂದ ಒಂದು ಮೊಳ ಮೇಲೆ ನೆಟ್ಟಗೆ ತೂಗುಹಾಕಿದ್ದರು. ನಾನು ನಿಂತುಬಿಟ್ಟೆ. ಕೆಂಪು, ಹಸಿರು, ಅರಿಶಿನ ಒಂದನ್ನೊಂದು ತಳ್ಳುತ್ತ, ಎಳೆಯುತ್ತ ಇದ್ದವು. ನೂಲಿನ ಸುತ್ತು ಹೊಳೆಯ ಸುಳಿಯ ಹಾಗೆ ನಡುವಿಗೆ ಇಳಿಯುತ್ತಿತ್ತು. ಹುಟ್ಟಿದಾಗಿನಿಂದ ಕೌದಿಯ ಮೇಲೆ ಮಲಗಿದವನು ನಾನು, ಡ್ರಾಯಿಂಗ್ ಕಲಿಸುವವನು ಬೇರೆ. ಆ ಸುಳಿಯನ್ನು ಅವತ್ತೇ ಮೊದಲು ಕಂಡದ್ದು.

ಸಿದ್ದಮ್ಮನೂ ಬಹಳ ಹೊತ್ತು ನೋಡಿದಳು.

"ಚಂದ ಅದರಿ," ಅಂದಳು. "ಯಾರ್ ಹೊಲದದ್ದು?"

ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳ ಮುಖ ನೋಡಿದರೆ ತಮಾಷೆಯಲ್ಲ. ಹೊಲಿಯುವಾಗ ಅರ್ಧ ಕೌದಿ ಮೊಣಕಾಲ ಕೆಳಗೆ, ಅರ್ಧ ತೊಡೆಯ ಮೇಲೆ, ಕಣ್ಣಿಗೆ ಬೀಳುವುದು ಒಂದು ಗೇಣು. ಇಡೀ ಕೌದಿಯನ್ನು ನೆಟ್ಟಗೆ ನಿಲ್ಲಿಸಿ ದೂರದಿಂದ ಅವಳು ನೋಡಿಯೇ ಇರಲಿಲ್ಲ. ನಿಮ್ಮದೇ ಎಂದು ನಾನು ಹೇಳಿದರೂ ಅವಳು ನಂಬದೆ, ಹೋಗಿ ಕೆಳಗಿನ ಮೂಲೆಯನ್ನು ಹಿಡಿದು ತಿರುವಿದಳು. ಎಲ್ಲಿಂದಲೋ ಪೀಪೀ ಎಂದು ಗಂಟೆ ಹೊಡೆಯಿತು. ಕಾವಲಿನವನು ಚಪ್ಪಲಿ ಸಮೇತ ಓಡಿಬಂದ. ಸಿದ್ದಮ್ಮ ಅದಕ್ಕೆಲ್ಲ ಲಕ್ಷ್ಯ ಕೊಡಲಿಲ್ಲ.

"ಹೌದ್ರಿ, ನಂದೇ. ಆದ್ರ ಉಲ್ಟಾ ಹಾಕ್ಯಾರ. ಮೈಗೆ ಹತ್ತೂದು ಒಳಗಿನ ಮಗ್ಗಲ ನೋಡ್ರಿ. ನಮ್ಮತ್ತಿ ಸೀರಿ ಅದ ಅಲ್ಲಿ, ಬೆಣ್ಣಿಯಂಗ ಮೆತ್ತಗ. ಅದು ಗ್ವಾಡಿ ಕಡೆ ಹೋಗ್ಯದ." ಆಮೇಲೆ ಪಕ್ಕದ ಚೀಟಿ ತೋರಿಸಿ, "ಅಲ್ಲೇನ್ ಬರದಾರ್ರಿ?" ಅಂದಳು.

ಓದಿ ಹೇಳಿದೆ. ಹಳ್ಳಿಯ ಹೆಂಗಸರ ಸಾಂಪ್ರದಾಯಿಕ ಕಲೆ, ದಕ್ಷಿಣ ಭಾರತ.

"ಹಾಂಗೇನ್ರಿ," ಅಂದಳು, ಅಷ್ಟೇ. ತನ್ನ ಹೆಸರು ಎಲ್ಲಿ ಎಂದು ಕೇಳಿದ್ದರೆ ಚೆನ್ನಾಗಿತ್ತು. ಮರಾಯ್ಕೆಯ ತಪ್ಪು ಎನ್ನಬಹುದಿತ್ತು. ಕೇಳಲಿಲ್ಲವಾದ್ದರಿಂದ ತಪ್ಪು ನನ್ನ ಹತ್ತಿರವೇ ಉಳಿಯಿತು.

ಅಷ್ಟರಲ್ಲಿ ಅವಳು ಕೈ ಎತ್ತಿ ಕೌದಿಯ ನಟ್ಟನಡುವೆ ಮೆಲ್ಲಗೆ ಒತ್ತಿ ನೋಡಿದಳು. ಮುಖ ಅರಳಿತು. "ಅದ ನೋಡ್ರಿ. ಉಂಡದ್ದು ಹಂಗೇ ಅದ."

"ಏನು ಉಂಡದ್ದು?"

ಆಗ ಹೇಳಿದಳು. ಅವರ ಮನೆಯಲ್ಲಿ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಬಂದು ಕೊನೆಗೆ ನಡುವೆ ನಾಲ್ಕು ಬೆರಳಿನಷ್ಟು ಬಾಯಿ ಬಿಡುತ್ತಾರೆ. ಅದರಲ್ಲಿ ಒಂದು ಚೂರು ಒಣರೊಟ್ಟಿ ಇಟ್ಟು ಆಮೇಲೆ ಮುಚ್ಚುತ್ತಾರೆ. "ಬರೇ ಹೊಟ್ಟೀಲೆ ಮಲಗಿದ್ರ ಯಾರಿಗರ ನಿದ್ದಿ ಹತ್ತತದೇನ್ರಿ? ಕೌದಿ ತಾ ಉಪವಾಸ ಇದ್ದು ಇನ್ನೊಬ್ಬರಿಗೆ ಹ್ಯಾಂಗ್ ಮಲಗಿಸ್ತದ?"

ನನ್ನ ಬಾಯಿಗೆ ಬೀಗ ಬೇಕಿತ್ತು. ಎಂಥ ಚಂದದ ಪದ್ಧತಿ ಎಂದು ಉಬ್ಬಿ, ಒಂದಕ್ಕೆ ಎರಡು ಮಾಡಿ ಮರಾಯ್ಕೆಗೆ ಇಂಗ್ಲಿಷಿನಲ್ಲಿ ವರ್ಣಿಸಿದೆ. ಅವಳ ಬಣ್ಣವೇ ಇಳಿದುಹೋಯಿತು.

"ಒಳಗೆ ತಿನ್ನುವ ವಸ್ತು ಇದೆಯೇ?" ಅಂದಳು.

ಅವಳದೂ ನ್ಯಾಯವೇ. ಆ ಹಾಲಿನಲ್ಲಿದ್ದ ಇನ್ನೂರು ವರ್ಷದ ಬಟ್ಟೆಗಳಿಗೆ ಒಂದು ಹುಳು ಸಾಕು. ಅದಕ್ಕೇ ಅಲ್ಲಿಗೆ ಬರುವ ಪ್ರತಿ ಬಟ್ಟೆಯನ್ನೂ ಮೊದಲು ದೊಡ್ಡ ಐಸ್ ಪೆಟ್ಟಿಗೆಯಲ್ಲಿಡುತ್ತಾರಂತೆ. ನಮ್ಮ ಕೌದಿಯೂ ಅದರೊಳಗೆ ಒಂದು ವಾರವಿತ್ತು. ("ಯವ್ವಾ, ಎಷ್ಟ್ ಥಂಡಿ ಹತ್ತಿತೋ ಏನೋ," ಎಂದು ಸಿದ್ದಮ್ಮ ಅದನ್ನು ಸವರಿದಳು.) ನಡುವೆ ಗಟ್ಟಿಯಾಗಿರುವುದು ಅವರಿಗೂ ಸಿಕ್ಕಿತ್ತು, ನೂಲಿನ ಗಂಟು ಎಂದು ಬರೆದುಕೊಂಡಿದ್ದರು. ತಿನ್ನುವ ವಸ್ತು ಪ್ರದರ್ಶನದ ಹಾಲಿನಲ್ಲಿ ಇರುವಂತೆಯೇ ಇಲ್ಲ. ಎರಡೇ ದಾರಿ ಎಂದಳು ಮರಾಯ್ಕೆ. ನಾಲ್ಕು ಬೆರಳು ಹೊಲಿಗೆ ಬಿಚ್ಚಿ ರೊಟ್ಟಿ ತೆಗೆದು, ಅದೇ ನೂಲಿನಿಂದ ಮತ್ತೆ ಹೊಲಿಯುವುದು. ಇಲ್ಲವೇ ಕೌದಿಯನ್ನು ಗೋಡೆಯಿಂದ ಇಳಿಸುವುದು. ಬೆಳಗ್ಗೆಯೊಳಗೆ ಹೇಳಿ ಅಂದಳು.

ಅತಿಥಿಗೃಹ

ಆ ದೇಶದಲ್ಲಿ ಜುಲೈ ತಿಂಗಳ ಸೂರ್ಯನಿಗೆ ಮನೆಯ ನೆನಪೇ ಇರುವುದಿಲ್ಲ. ಊಟದ ಹೊತ್ತಿಗೂ ಕಿಟಕಿಯಲ್ಲಿ ನಮ್ಮ ನಾಲ್ಕು ಗಂಟೆಯ ಬಿಸಿಲು. ಸಿದ್ದಮ್ಮ ಅತಿಥಿಗೃಹದ ಅಡುಗೆಮನೆಯ ನೆಲದ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದಳು. ನಾನು ಕುರ್ಚಿಯಲ್ಲಿ ಕೂತು ಅವಳನ್ನು ಒಲಿಸಲು ತೊಡಗಿದೆ.

ನನ್ನ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡುವುದಿಲ್ಲ. ಆ ಗೋಡೆಯ ಮುಂದೆ ನಿಂತು ನಾನು ತೆಗೆಸಿಕೊಳ್ಳುವ ಫೋಟೋ, ಅದು ಊರ ಪೇಪರಿನಲ್ಲಿ ಬರುವುದು, ಹೆಡ್‌ಮಾಸ್ತರರು ಅದನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದು, ಎಲ್ಲ ನನಗೆ ಕಾಣುತ್ತಿತ್ತು. ಕೊಟ್ಟ ಮಾತು ಮರೆತಿರಲಿಲ್ಲ. ಅದನ್ನು ಹೇಗೆ ಸಡಿಲಿಸುವುದೆಂದು ನೋಡುತ್ತಿದ್ದೆ.

"ಸಿದ್ದಮ್ಮ, ನೀವೇ ಬಿಚ್ಚಿ ನೀವೇ ಹೊಲೀರಿ. ಊರಿಗಿ ಹೋದ ಮ್ಯಾಲೆ ಬೇಕಾದ್ರ ಮತ್ತ ರೊಟ್ಟಿ ಇಡ್ರಿ. ಯಾರಿಗಿ ಗೊತ್ತಾಗ್ತದ?"

"ನನಗ್ ಗೊತ್ತಾಯ್ತದಲ್ರಿ."

"ನಾಕು ಬೊಟ್ಟು ಹೊಲಿಗಿ. ಇಷ್ಟು ದೂರ ಬಂದೀವಿ."

"ನಿಮ್ಮ ಗುಡಿಯಾಗ ದೇವರಿಗಿ ಪರದಾ ಹಾಕಿ ಎಡಿ ಹಿಡೀತೀರಲ್ರಿ. ಯಾರರ ನೋಡ್ಲಿಕ್ಕ ಬಂದಾರಂತ, ಉಂಡ ದೇವರ ಬಾಯಾಗಿಂದ ತುತ್ತು ತಗೀತೀರೇನು?" ಅವಳು ಬೇಸರದಿಂದೇನೂ ಹೇಳಲಿಲ್ಲ, ಕೇಳಿದಳು ಅಷ್ಟೇ. ಆಮೇಲೆ ರೊಟ್ಟಿಯ ಚೂರನ್ನು ಹಿಂಡಿಗೆ ಅದ್ದುತ್ತ, ತುಟಿಯ ಮೂಲೆಯಲ್ಲಿ ನಗು ಹಿಡಿದು, "ನಿಮ್ಮ ಮನ್ಯಾಗಿನ ಕೌದಿಗೂ ನಮ್ಮ ಮನಿ ರೊಟ್ಟಿನೇ ಉಣಸೀವಿ, ಮಾಸ್ತರ್. ನಮ್ಮವ್ವನೂ ಅಷ್ಟೇ, ನಾನೂ ಅಷ್ಟೇ. ಇಲ್ಲಿತನಕ ಯಾವುದರ ಬಿಚ್ಚೀರೇನು?" ಅಂದಳು.

ಸಿದ್ದಮ್ಮನ ತಾಯಿ ಹೊಸ ಕೌದಿ ತಂದು ನಮ್ಮ ಅಂಗಳದ ಕಟ್ಟೆಯ ಮೇಲೆ ಇಡುತ್ತಿದ್ದಳು. ನಮ್ಮಮ್ಮ ಅದರ ಮೇಲೆ ನೀರು ಚಿಮುಕಿಸಿ, ಒಂದು ದಿನ ಬಿಸಿಲಿಗೆ ಹಾಕಿ, ಆಮೇಲೆ ಒಳಗೆ ತರುತ್ತಿದ್ದಳು. ಅವರ ಕೈಯ ನೀರನ್ನೂ ಅಮ್ಮ ಮುಟ್ಟಲಿಲ್ಲ. ಅಂಥ ಅಮ್ಮ ಜೀವಮಾನವಿಡೀ ಮಲಗಿದ್ದು ಅವರ ಮನೆಯ ರೊಟ್ಟಿಯ ಮೇಲೆ. ಮಡಿಯಲ್ಲಿ ಮುಳುಗೆದ್ದ ಅಪ್ಪ ಮಲಗಿದ್ದು ಅದರ ಮೇಲೆ. ನಾನು ಜ್ವರ ಬಂದಾಗ ಮುದುಡಿಕೊಂಡಿದ್ದೂ ಅದರ ಮೇಲೆಯೇ. ಬೆನ್ನಿಗೆ ಒತ್ತುತ್ತಿದ್ದ ಒಂದು ಗಂಟು ಈಗ ನೆನಪಿಗೆ ಬಂತು.

ಮೊದಲು ನಗು ಬಂತು. ಸಿದ್ದಮ್ಮನೂ ನಕ್ಕಳು. ನಗು ನಿಂತ ಮೇಲೆ ನಾಚಿಕೆಯಾಯಿತು, ಅದು ಬೇಗ ಹೋಗಲಿಲ್ಲ. ಕುರ್ಚಿಯಿಂದ ಇಳಿದು ಅವಳ ಎದುರಿಗೆ ನೆಲದ ಮೇಲೆ ಕೂತೆ.

"ಒಂದು ರೊಟ್ಟಿ ಇತ್ತ ಕೊಡ್ರಿ," ಅಂದೆ.

ಅವಳು ನನ್ನ ಮುಖ ನೋಡಿದಳು. ಎರಡು ರೊಟ್ಟಿ ಕೊಟ್ಟಳು, ಮೇಲೆ ಹಿಂಡಿ. ಮೂರು ದಿನ ಅವಲಕ್ಕಿ ತಿಂದು ಸಪ್ಪಗಾಗಿದ್ದ ನಾಲಗೆಗೆ ಜೀವ ಬಂದ ಹಾಗಾಯಿತು. ಬೆಳಗ್ಗೆ ಮರಾಯ್ಕೆಗೆ ಹೇಳಿದೆ, ಬಿಚ್ಚುವುದಿಲ್ಲ, ಇಳಿಸಿಬಿಡಿ ಅಂತ. ಅವಳು ಏಣಿ ತರಿಸಿದಳು.

ಚಹಾದ ಕೋಣೆ

ಪ್ರದರ್ಶನ ಮಧ್ಯಾಹ್ನ ಶುರುವಾಯಿತು. ಕೊನೆಯ ಗೋಡೆ ಕಪ್ಪಗೆ ಖಾಲಿ, ಅದರ ಮೇಲೆ ಬೆಳಕು ಮಾತ್ರ ಬೀಳುತ್ತಿತ್ತು. ಮರಾಯ್ಕೆ ಬಂದವರನ್ನೆಲ್ಲ ಮಾತಾಡಿಸುತ್ತಿದ್ದರೂ ಕಣ್ಣು ಆ ಕಡೆ ಹೋಗುತ್ತಿತ್ತು. ನನಗೂ ಸಂಕಟವಾಯಿತು. ವರ್ಷದ ದೊಡ್ಡ ಕೆಲಸ ಅವಳದು, ಅದರ ಶಿಖರವನ್ನು ನಾವು ಕಿತ್ತುಕೊಂಡು ಕೂತಿದ್ದೆವು.

ಕೌದಿಯನ್ನು ಮಡಿಸಿ ಸಿದ್ದಮ್ಮನ ಕೈಗೆ ಕೊಟ್ಟಿದ್ದರು. ಎಲ್ಲಿ ಕೂಡ್ರಬೇಕೆಂದು ತಿಳಿಯದೆ ಅವಳು ಮ್ಯೂಸಿಯಂನ ಚಹಾದ ಕೋಣೆಗೆ ಹೋದಳು. ಅಲ್ಲಿ ಗೋಡೆಗುಂಟ ಉದ್ದನೆಯ ಮರದ ಬೆಂಚು, ಬೇಸಿಗೆಯಲ್ಲೂ ತಣ್ಣಗಿತ್ತು. ಮನೆಯಲ್ಲಿ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿದಳು. ಕೌದಿ ಬಿಡಿಸಿ, ಅತ್ತೆಯ ಸೀರೆಯ ಮಗ್ಗುಲು ಮೇಲೆ ಬರುವಂತೆ ಹಾಸಿ, ಚಪ್ಪಲಿ ಬಿಟ್ಟು ಮೇಲೆ ಕೂತಳು. ಗಂಟಿನಿಂದ ಹಳೆಯ ಲಂಗದ ತುಂಡು ತೆಗೆದು ಸೂಜಿಗೆ ನೂಲು ಪೋಣಿಸಿದಳು.

ನಾನು ಹೋಗಿ ನೋಡುವ ಹೊತ್ತಿಗೆ ಅವಳ ಪಕ್ಕದಲ್ಲಿ ಒಬ್ಬ ಮುದುಕ ಕೂತಿದ್ದ. ಕಾಫಿಯ ಕಪ್ಪನ್ನು ದೂರವಿಟ್ಟು ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತ ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ. ಸಿದ್ದಮ್ಮ ತನ್ನ ಭಾಷೆಯಲ್ಲಿ "ಹೌದ್ರಿ, ಹೌದ್ರಿ" ಎನ್ನುತ್ತಿದ್ದಳು. ಮರಾಯ್ಕೆಯನ್ನು ಕರೆದೆ. ಅವನ ಮಾತು ಅವಳಿಗೆ, ಅವಳದು ನನಗೆ, ನನ್ನದು ಸಿದ್ದಮ್ಮನಿಗೆ. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಅವನು ಸಣ್ಣ ಹುಡುಗ. ತಿನ್ನಲು ಬ್ರೆಡ್ ಇರಲಿಲ್ಲ. ಅವನ ತಾಯಿ ಅಪ್ಪನ ಕೋಟುಗಳನ್ನು ಕತ್ತರಿಸಿ ಒಂದು ಹೊದಿಕೆ ಹೊಲಿದಿದ್ದಳು. ಅದರ ಕೆಳಗೆ ನಾಲ್ಕು ಜನ ಮಕ್ಕಳು ಮಲಗುತ್ತಿದ್ದರು, ಹೊಟ್ಟೆ ಹಸಿದು ನಿದ್ದೆ ಬರುತ್ತಿರಲಿಲ್ಲ.

ಸಿದ್ದಮ್ಮ ಸೂಜಿ ನಿಲ್ಲಿಸಿದಳು. "ಉಣಲಾರದ ಕೌದಿ ಪಾಪ," ಅಂದಳು. ಮುದುಕನ ಕೈ ಹಿಡಿದು ಕೌದಿಯ ನಡುವೆ ಇಟ್ಟು, ಒಳಗಿನ ಗಟ್ಟಿಯನ್ನು ಅವನ ಬೆರಳಿಗೆ ತಾಗಿಸಿದಳು. "ಇದು ಉಂಡದ, ಹೇಳ್ರಿ ಅವರಿಗಿ."

ಹೇಳಿದೆವು. ಅವನು ಕೈ ತೆಗೆಯಲಿಲ್ಲ. ಅವನ ಕಾಫಿ ಆರಿಹೋಯಿತು.

ಮರಾಯ್ಕೆ ಅವರಿಬ್ಬರನ್ನೂ ನೋಡುತ್ತ ನಿಂತಿದ್ದಳು. ಆಮೇಲೆ ಕೆಲಸಕ್ಕೆ ತೊಡಗಿದಳು. ಕುರ್ಚಿಗಳನ್ನು ಸರಿಸಿ ಬೆಂಚಿನ ಸುತ್ತ ಜಾಗ ಮಾಡಿದಳು. ತಲೆಯ ಮೇಲಿನ ದೊಡ್ಡ ದೀಪ ಆರಿಸಿ ಮಗ್ಗುಲಿನ ಕಿಟಕಿ ತೆರೆದಳು, ಬೆಳಕು ಓರೆಯಾಗಿ ಬಿದ್ದು ಒಂದೊಂದು ಟಾಕಿಯೂ ಎದ್ದು ಕಂಡಿತು. ಟ್ಯೂಬ್‌ಲೈಟ್ ತೆಗೆಸಿದ ಅಪ್ಪ ಅಲ್ಲಿದ್ದಿದ್ದರೆ ತಲೆದೂಗುತ್ತಿದ್ದರು. ಹಾಲಿನ ಖಾಲಿ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿ ಬಂದಳು. 'ಇಲ್ಲಿದ್ದ ಕೌದಿ ಊಟ ಮಾಡಿದೆ. ಆದ್ದರಿಂದ ಚಹಾದ ಕೋಣೆಯಲ್ಲಿದೆ.'

ಆಮೇಲಿನ ಮೂರು ವಾರ ಅಲ್ಲಿ ನಡೆದದ್ದನ್ನು ನೋಡುವುದೇ ನನಗೆ ಕೆಲಸವಾಯಿತು. ಹಾಲಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ಪಿಸುಗುಡುತ್ತಿದ್ದವರೇ ಇಲ್ಲಿ ಬಂದು ಕೈ ಬಿಡಿಸಿಕೊಳ್ಳುತ್ತಿದ್ದರು. ಅಲ್ಲಿ 'ಎಂಥ ಬಣ್ಣ' ಎಂದವರು ಇಲ್ಲಿ 'ನಮ್ಮಜ್ಜಿ' ಎಂದು ಮಾತು ಶುರುಮಾಡುತ್ತಿದ್ದರು. ಗೋಡೆಯ ಮೇಲಿನದೇ ಹೆಚ್ಚು ಎಂದು ಹಟ ಹಿಡಿದವರೂ ಇದ್ದರು. ಅವರದನ್ನೂ ತಳ್ಳಿಹಾಕಲಾರೆ, ಆ ಸುಳಿ ಬೆಂಚಿನ ಮೇಲೆ ಕಾಣುತ್ತಿರಲಿಲ್ಲ. ಸಿದ್ದಮ್ಮನೇ ಒಂದು ದಿನ ಹೇಳಿದಳು, "ಗ್ವಾಡಿಗಿ ಹಾಕಿದ್ದು ನೋಡಿದ್ ಮ್ಯಾಲೇ ಗೊತ್ತಾತ್ರಿ ನನಗ, ಎಡಕ್ಕ ಹಸರು ಭಾಳ ಆಗ್ಯದ ಅಂತ."

ಮುದುಕ ಎರಡನೆಯ ದಿನವೇ ತಾಯಿಯ ಆ ಹೊದಿಕೆಯಿಂದ ಒಂದು ಅಂಗೈ ಅಗಲದ ಬೂದು ತುಂಡು ತಂದುಕೊಟ್ಟ. ಅವನನ್ನು ನೋಡಿ ಉಳಿದವರೂ ತಂದರು. ಹಳೆಯ ಅಂಗಿ, ಮೇಜಿನ ಬಟ್ಟೆ, ಯಾರದೋ ಬಾಲ್ಯದ ಫ್ರಾಕು. ಸಿದ್ದಮ್ಮ ಹೊಸ ಕೌದಿ ಹೂಡಿದಳು. ಈ ಸಲ ಮಾತ್ರ ದಿನಕ್ಕೆರಡು ಬಾರಿ ಎದ್ದು, ಬಾಗಿಲಿನವರೆಗೆ ಹೋಗಿ, ಹಿಂತಿರುಗಿ ನಿಂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಬಂದು ಒಂದು ತುಂಡನ್ನು ಸರಿಸುತ್ತಿದ್ದಳು. ನಲವತ್ತು ವರ್ಷದ ಹೊಲಿಗೆಯಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಕೊನೆಯ ದಿನ

ಹೊರಡುವ ದಿನ ಹೊಸ ಕೌದಿ ಮುಗಿಯಿತು. ನಡುವಿನ ನಾಲ್ಕು ಬೆರಳು ಬಾಯಿ ಉಳಿದಿತ್ತು. ಸಿದ್ದಮ್ಮ ಗಂಟು ಬಿಚ್ಚಿ ನೋಡಿದಳು. ರೊಟ್ಟಿ ಖಾಲಿ. ನಾನು ತಿಂದು ಮುಗಿಸಿದ್ದೆ.

"ಈ ಕೌದಿ ಇನ್ನ ಇಲ್ಲೇ ಇರ್ತದಲ್ರಿ," ಅಂದಳು. "ಇಲ್ಲಿಯವರ ಅನ್ನನೇ ಉಣ್ಲಿ. ಮರಾಯ್ಕೆ ಬಾಯಾರಿಗಿ ಕೇಳ್ರಿ."

ಕೇಳಲು ನನಗೆ ಧೈರ್ಯವಾಗಲಿಲ್ಲ. ಮ್ಯೂಸಿಯಂನ ನಿಯಮವನ್ನು ಇಪ್ಪತ್ತು ದಿನದಿಂದ ಕಾದವಳು ಅವಳು. ಮರಾಯ್ಕೆ ನಮ್ಮಿಬ್ಬರನ್ನೂ ನೋಡಿದಳು. ನಾನು ಹೇಳುವ ಮೊದಲೇ ಅವಳಿಗೆ ತಿಳಿದಿತ್ತು. ಆ ದೇಶದಲ್ಲಿ ಮಧ್ಯಾಹ್ನಕ್ಕೆ ಒಲೆ ಹೊತ್ತಿಸುವುದಿಲ್ಲ, ಎಲ್ಲರದೂ ತಣ್ಣನೆ ಬ್ರೆಡ್ ಮತ್ತು ಚೀಸ್. ಅವಳು ಒಳಗೆ ಹೋಗಿ ತನ್ನ ಡಬ್ಬಿ ತಂದಳು. ಬ್ರೆಡ್ಡಿನ ಗಟ್ಟಿ ಅಂಚನ್ನು ಮುರಿದಳು. ಸಿದ್ದಮ್ಮ ಕೌದಿಯ ಬಾಯನ್ನು ಎರಡು ಬೆರಳಿನಿಂದ ಅಗಲಿಸಿ ಹಿಡಿದಳು. ಮರಾಯ್ಕೆ ಅದರೊಳಗೆ ಚೂರನ್ನು ಇಟ್ಟು ಕೈ ತೆಗೆದಳು.

ಹಳೆಯ ಕೌದಿಯನ್ನು ಅವಳೇ ಮಡಿಸಿ ಕಟ್ಟಿಕೊಟ್ಟಳು. ಜೊತೆಗೊಂದು ಕಾಗದ. ಮ್ಯೂಸಿಯಂ ವಸ್ತು ಮರಳಿಸುವಾಗ ಅದರ ಸ್ಥಿತಿ ಬರೆದುಕೊಡಬೇಕಂತೆ. ಕಲೆ ಇಲ್ಲ, ಹರಿದಿಲ್ಲ, ಒಂದು ಹೊಲಿಗೆಯೂ ಬಿಚ್ಚಿಲ್ಲ. ಓದಿ ಹೇಳಿದಾಗ ಸಿದ್ದಮ್ಮ ಆ ಕಾಗದವನ್ನು ಮಡಿಸಿ ಕುಪ್ಪಸದಲ್ಲಿಟ್ಟುಕೊಂಡಳು.

ಐನಾಪುರ

ದೀಪಾವಳಿಗೆ ನಾಲ್ಕು ದಿನ ಮೊದಲು ಸುಜಾತಾಳಿಗೆ ಹೆಣ್ಣು ಕೂಸು. ನಾನು ನೋಡಲು ಹೋದದ್ದು ತಿಂಗಳ ಮೇಲೆ, ಮರಾಯ್ಕೆ ಕಳಿಸಿದ ಲಕೋಟೆ ಬಂದ ಮೇಲೆ. ಬಸ್ಸಿನ ಎರಡೂ ಕಡೆ ತೊಗರಿ ಹೂ ಬಿಟ್ಟಿತ್ತು. ಸಿದ್ದಮ್ಮ ಕುಂದ್ರಿ ಎಂದು ಚಾಪೆ ಹಾಸಿದಳು. ಕೇಳದೆಯೇ ತಟ್ಟೆಯಲ್ಲಿ ಬಿಸಿರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಬುದ್ಧನ ಪಟದ ಕೆಳಗೆ ಅದೇ ಕೌದಿ, ಮೆತ್ತನೆಯ ಮಗ್ಗುಲು ಮೇಲೆ. ಅದರ ನಡುವೆ ಕೂಸು ಮುಷ್ಟಿ ಬಿಗಿದು ಮಲಗಿತ್ತು.

ಊಟ ಮಾಡಿ ಕೈ ತೊಳೆದು ಲಕೋಟೆ ತೆಗೆದೆ. ಒಳಗೆ ಒಂದು ಫೋಟೋ. ಹೊಸ ಕೌದಿಯನ್ನು ಮ್ಯೂಸಿಯಂನ ದೊಡ್ಡ ಹಾಲಿನಲ್ಲೇ ಇಟ್ಟಿದ್ದಾರೆ. ತೂಗುಹಾಕಿಲ್ಲ, ತಗ್ಗಿನ ಮಂಚದ ಮೇಲೆ ಹಾಸಿದ್ದಾರೆ. ಉಳಿದ ಬಟ್ಟೆಗಳಿಗೆ ಹುಳು ತಗುಲದಂತೆ ಅದಕ್ಕೊಂದು ಗಾಜಿನ ಪೆಟ್ಟಿಗೆ, ಮೇಲಿನಿಂದ ನೋಡಲು ಪಕ್ಕದಲ್ಲಿ ನಾಲ್ಕು ಮೆಟ್ಟಿಲು. ಚೀಟಿಯ ಮೇಲಿನದನ್ನು ಕನ್ನಡದಲ್ಲಿ ಓದಿದೆ.

"ಕೌದಿ. ಹೊಲಿದವರು, ಸಿದ್ದಮ್ಮ, ಐನಾಪುರ. ಹಳೆಯ ಬಟ್ಟೆ, ನೂಲು, ಒಂದು ತುತ್ತು ರೊಟ್ಟಿ."

ಸುಜಾತಾ ಫೋಟೋ ಇಸಿದುಕೊಂಡು ಅವ್ವನ ಹೆಸರು ಎಲ್ಲಿದೆ ಎಂದು ಹುಡುಕಿದಳು. ನಾನು ಬೆರಳಿಟ್ಟು ತೋರಿಸಿದೆ. ಆ ಫಾರಂನಲ್ಲಿ ನಾನು ಬರೆಯದೆ ಬಿಟ್ಟದ್ದು ಅದೇ ಎಂದು ಅವತ್ತು ಹೇಳಿಬಿಟ್ಟೆ. ಸಿದ್ದಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಅವಳ ಕಣ್ಣು ಫೋಟೋದಲ್ಲಿತ್ತು.

"ಗಾಜಿನಾಗ ಇಟ್ಟಾರಲ್ರಿ. ಅದರ ಮ್ಯಾಲ ಇನ್ನ ಯಾರೂ ಮಲಗಂಗಿಲ್ಲ?"

"ಇಲ್ರಿ."

ಕೂಸು ಮಗ್ಗುಲಾಯಿತು, ಅವಳು ಬಾಗಿ ಕೌದಿಯ ಅಂಚನ್ನು ಅದರ ಕಾಲಿನ ಮೇಲೆ ಎಳೆದಳು.

"ಇರ್ಲಿ ಬಿಡ್ರಿ," ಅಂದಳು. "ಉಪವಾಸ ಇಲ್ಲಲ್ಲ."